ಕಾರಟಗಿಯಲ್ಲಿ ಪತ್ರಾಸ್ ಹಾರಿಸಿದ್ದು ಎಂಥಾ ಗಾಳಿ? ಓದುಗರ ಪ್ರಶ್ನೆ, ನಮ್ಮ ಉತ್ತರ

ಏಪ್ರಿಲ್, ಮೇ ತಿಂಗಳು ಬಂದರೆ ಈ ಅಂಕಣಕ್ಕೆ ಗಾಳಿಯ ಪ್ರಶ್ನೆಗಳೇ ಜಾಸ್ತಿ. ಈ ಸಲ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯಿಂದ ಬಂದವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೊಲದಲ್ಲಿ ಏಳುವ ಧೂಳಿನ ಸುಳಿಯನ್ನು ಸುಂಟರಗಾಳಿ ಅಂತಲೂ, ಅಮೆರಿಕದಲ್ಲಿ ಊರಿಗೆ ಊರೇ ಕೆಡವುವುದನ್ನು ಟಾರ್ನೆಡೊ ಅಂತಲೂ ಬರೆದಿದ್ದೇವೆ.

ಟಿವಿಯಲ್ಲಿ ಇಎಫ್ 3, ಇಎಫ್ 4 ಅಂತ ಹೇಳ್ತಾರೆ. ಟಾರ್ನೆಡೊ ವೇಗ ಅಳೆಯೋದು ಹೇಗೆ? ಒಳಗೆ ಹೋಗಿ ಮೀಟರ್ ಇಡ್ತಾರಾ? ಮಕ್ಕಳು ಕೇಳಿದರೆ ಏನು ಹೇಳಲಿ?
– ಹೈಸ್ಕೂಲ್ ಶಿಕ್ಷಕರು, ಸಿಂಧನೂರು

ಇಡೋದಿಲ್ಲ ಸರ್. ಇಟ್ಟರೂ ಮೀಟರ್ ಉಳಿಯಲ್ಲ. ಟಾರ್ನೆಡೊ ಎಲ್ಲಿ ಇಳಿಯುತ್ತದೆ ಅಂತ ಮೊದಲೇ ಗೊತ್ತಿರುವುದಿಲ್ಲ, ಇಳಿದರೂ ಅದರ ಅಗಲ ಸಾಮಾನ್ಯವಾಗಿ ಕೆಲವು ನೂರು ಮೀಟರ್, ಹಾಗಾಗಿ ಹವಾಮಾನ ಕೇಂದ್ರದ ಯಂತ್ರದ ಮೇಲೆಯೇ ಅದು ಹಾದು ಹೋಗೋದು ಅಪರೂಪ.

ಅದಕ್ಕೇ ಉಲ್ಟಾ ದಾರಿ ಹಿಡಿದಿದ್ದಾರೆ. ಗಾಳಿ ಹೋದ ಮೇಲೆ ಅದು ಏನೇನು ಮುರಿದಿದೆ ನೋಡಿ, ಇಷ್ಟು ಮುರಿಯಬೇಕಾದರೆ ಇಷ್ಟು ವೇಗ ಬೇಕಿತ್ತು ಅಂತ ಲೆಕ್ಕ ಹಾಕುತ್ತಾರೆ. ಈ ದಾರಿ ಹಾಕಿದವರು ಟೆಟ್ಸುಯಾ ಫ್ಯೂಜಿಟಾ. ಜಪಾನಿನವರು, ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದವರು. 1971ರಲ್ಲಿ ಅವರು ಎಫ್ 0ಯಿಂದ ಎಫ್ 5ರವರೆಗೆ ಒಂದು ಅಳತೆ ಕೊಟ್ಟರು. ತಮಾಷೆ ಏನೆಂದರೆ, 'ಮಿಸ್ಟರ್ ಟಾರ್ನೆಡೊ' ಅಂತಲೇ ಹೆಸರಾಗಿದ್ದ ಈ ಮನುಷ್ಯ ಕಣ್ಣಾರೆ ಮೊದಲ ಟಾರ್ನೆಡೊ ನೋಡಿದ್ದು 1982ರಲ್ಲಿ, ಅಳತೆ ಕೊಟ್ಟು ಹನ್ನೊಂದು ವರ್ಷ ಆದಮೇಲೆ! ಅಲ್ಲಿಯವರೆಗೂ ಅವರು ಓದಿದ್ದೆಲ್ಲ ಬಿದ್ದ ಮನೆ, ಮುರಿದ ಮರ, ವಿಮಾನದಿಂದ ತೆಗೆದ ಫೋಟೊ.

ಆಮೇಲೆ ಇಂಜಿನಿಯರುಗಳು ತಕರಾರು ತೆಗೆದರು. ಒಂದು ಮನೆ ನೆಲಸಮ ಆಗೋಕೆ ಫ್ಯೂಜಿಟಾ ಹೇಳಿದಷ್ಟು ವೇಗ ಬೇಕಿಲ್ಲ, ಕಡಿಮೆ ಗಾಳಿಗೂ ಬೀಳುತ್ತದೆ ಅಂದರು. ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದವರು ಮುಂದೆ ನಿಂತು ಅಳತೆಯನ್ನು ತಿದ್ದಿದರು. ಅದೇ ಇಎಫ್, ಅಂದರೆ ಸುಧಾರಿಸಿದ ಫ್ಯೂಜಿಟಾ. ಅಮೆರಿಕದಲ್ಲಿ 2007ರ ಫೆಬ್ರವರಿ 1ರಿಂದ ಬಳಕೆಯಲ್ಲಿದೆ. ಬೋರ್ಡಿನ ಮೇಲೆ ಬರೆಯಬೇಕು ಅಂದರೆ ಗಂಟೆಗೆ ಕಿಲೋಮೀಟರ್ ಲೆಕ್ಕದಲ್ಲಿ ಹೀಗೆ: ಇಎಫ್ 0 ಅಂದರೆ 105ರಿಂದ 137, ಇಎಫ್ 1 ಅಂದರೆ 177ರವರೆಗೆ, ಇಎಫ್ 2 ಅಂದರೆ 217ರವರೆಗೆ, ಇಎಫ್ 3 ಅಂದರೆ 266ರವರೆಗೆ, ಇಎಫ್ 4 ಅಂದರೆ 322ರವರೆಗೆ. ಅದರ ಮೇಲೆ ಎಷ್ಟೇ ಇದ್ದರೂ ಇಎಫ್ 5. ಇಎಫ್ 6 ಇಲ್ಲ. ಯೂಟ್ಯೂಬಿನಲ್ಲಿ ಯಾರಾದರೂ ಇಎಫ್ 6 ಅಂದರೆ ನಂಬಬೇಡಿ.

ಮಕ್ಕಳಿಗೆ ಈ ಅಂಕಿ ಬಾಯಿಪಾಠ ಮಾಡಿಸಬೇಡಿ ಸರ್. ಅದರ ಹಿಂದಿನ ಕೆಲಸ ಹೇಳಿ. ಸರ್ವೆಗೆ ಹೋದವರ ಹತ್ತಿರ 28 ಬಗೆಯ ವಸ್ತುಗಳ ಪಟ್ಟಿ ಇರುತ್ತದೆ. ವಾಸದ ಮನೆ, ಶಾಲೆ, ಅಂಗಡಿ ಸಾಲು, ಕರೆಂಟ್ ಟವರ್, ಎಲೆ ಅಗಲದ ಮರ, ಸೂಜಿ ಎಲೆಯ ಮರ, ಹೀಗೆ. ಒಂದೊಂದಕ್ಕೂ ಹಾನಿಯ ಮೆಟ್ಟಿಲುಗಳಿವೆ. ಮನೆಯನ್ನೇ ತೆಗೆದುಕೊಳ್ಳಿ: ಚಾವಣಿಯ ಹೊದಿಕೆ ಸ್ವಲ್ಪ ಕಿತ್ತಿದೆಯಾ, ಪೂರ್ತಿ ಚಾವಣಿ ಹೋಗಿದೆಯಾ, ಹೊರಗೋಡೆ ಬಿದ್ದಿದೆಯಾ, ಒಳಗೋಡೆಯೂ ಬಿದ್ದಿದೆಯಾ, ಕೊನೆಗೆ ಬುನಾದಿ ಬಿಟ್ಟು ಎಲ್ಲಾ ಗುಡಿಸಿಕೊಂಡು ಹೋಗಿದೆಯಾ? ಅಷ್ಟಕ್ಕೇ ಮುಗಿಯಲ್ಲ. ಬಗ್ಗಿ ಬುನಾದಿ ನೋಡುತ್ತಾರೆ. ಮರದ ಗೋಡೆಯನ್ನು ಕಾಂಕ್ರೀಟಿಗೆ ಬೋಲ್ಟ್ ಹಾಕಿ ಬಿಗಿದಿದ್ದರಾ, ಬರೀ ಮೊಳೆ ಹೊಡೆದಿದ್ದರಾ? ಬೋಲ್ಟಿಗೆ ನಟ್ಟು, ವಾಷರ್ ಇದ್ದವಾ? ಬರೀ ಮೊಳೆಯ ಮನೆ ಪೂರ್ತಿ ಹಾರಿಹೋಗಿದ್ದರೂ ಅದಕ್ಕೆ ದೊಡ್ಡ ನಂಬರ್ ಸಿಗುವುದಿಲ್ಲ. ಯಾಕೆಂದರೆ ಅದನ್ನು ಹಾರಿಸೋಕೆ ದೊಡ್ಡ ಗಾಳಿಯೇ ಬೇಕಿಲ್ಲ.

ಹಾಗಾಗಿ ಟಾರ್ನೆಡೊ ಇನ್ನೂ ತಿರುಗುತ್ತಿರುವಾಗಲೇ ಟಿವಿಯವರು 'ಇಎಫ್ 5 ಅಬ್ಬರ' ಅಂತ ಹಾಕೋದು ಸುಮ್ನೆ ಗದ್ದಲ. ನಂಬರ್ ಬರೋದು ಸರ್ವೆ ಮುಗಿದ ಮೇಲೆ. ಒಮ್ಮೊಮ್ಮೆ ತಿಂಗಳುಗಳೇ ಬೇಕು. 2025ರ ಜೂನ್ 20ರಂದು ನಾರ್ತ್ ಡಕೋಟಾದ ಎಂಡರ್ಲಿನ್ ಊರಿನ ಹತ್ತಿರ ಬಂದ ಟಾರ್ನೆಡೊಗೆ ಇಎಫ್ 5 ಅಂತ ತೀರ್ಮಾನವಾಗಿದ್ದು ಅಕ್ಟೋಬರಿನಲ್ಲಿ. ಅಲ್ಲಿ ಗೂಡ್ಸ್ ರೈಲಿನ ಬೋಗಿಗಳು ಎಷ್ಟು ದೂರ ಹೋಗಿ ಬಿದ್ದಿವೆ, ಅದಕ್ಕೆ ಎಷ್ಟು ಬಲ ಬೇಕು ಅಂತ ಕೂತು ಲೆಕ್ಕ ಹಾಕಿದರು. 2013ರ ಮೇ 20ರಂದು ಒಕ್ಲಹೋಮಾದ ಮೂರ್ ಊರಿಗೆ ಹೊಡೆದದ್ದಾದ ಮೇಲೆ ಇಎಫ್ 5 ಸಿಕ್ಕಿದ್ದು ಇದಕ್ಕೇ.

ದಪ್ಪ ಇದ್ದಷ್ಟೂ ಟಾರ್ನೆಡೊ ಜೋರು ಅಲ್ವಾ? ನೋಡಿದ ಕೂಡಲೇ ಹೇಳಬಹುದಲ್ಲ?
– ಪಿಯು ವಿದ್ಯಾರ್ಥಿನಿ, ಕುಷ್ಟಗಿ

ಇಲ್ಲಮ್ಮ, ನೋಡಿ ಹೇಳೋಕೆ ಆಗಲ್ಲ. ಎರಡು ಉದಾಹರಣೆ ಸಾಕು.

2007ರ ಜೂನ್ 22, ಕೆನಡಾದ ಎಲಿ ಅನ್ನೋ ಸಣ್ಣ ಊರು. ಅಲ್ಲಿ ಬಂದದ್ದು ಸಪೂರ ಟಾರ್ನೆಡೊ. ವಿಡಿಯೊದಲ್ಲಿ ನೋಡಿದರೆ ಅಂಥಾ ಭಯ ಏನೂ ಆಗಲ್ಲ. ಆದರೆ ಅದು ಒಂದು ಇಡೀ ಮನೆಯನ್ನು ಎತ್ತಿ ಎಸೆಯಿತು. ಹಳೇ ಎಫ್ ಅಳತೆಯಲ್ಲಿ ಅದಕ್ಕೆ ಮೊದಲು ಎಫ್ 4 ಅಂದರು, ಮನೆ ಹಾರುವ ವಿಡಿಯೊವನ್ನು ಬಿಡಿಸಿ ಬಿಡಿಸಿ ನೋಡಿದ ಮೇಲೆ ಎಫ್ 5 ಮಾಡಿದರು. ಕೆನಡಾದಲ್ಲಿ ಎಫ್ 5 ಅಂತ ದಾಖಲಾದದ್ದು ಅದೊಂದೇ.

ಇನ್ನೊಂದು ಒಕ್ಲಹೋಮಾದ ಎಲ್ ರೀನೋ ಹತ್ತಿರ, 2013ರ ಮೇ 31. ಅಗಲ ಸುಮಾರು 4.2 ಕಿಲೋಮೀಟರ್! ಗಾಡಿಯ ಮೇಲೆ ಕೂರಿಸಿದ ರೇಡಾರ್ ಗಂಟೆಗೆ 450 ಕಿಲೋಮೀಟರ್ ಮೀರಿದ ಗಾಳಿಯನ್ನು ಹಿಡಿಯಿತು. ಆ ರೇಡಾರ್ ನಂಬಿ ಇಎಫ್ 5 ಕೊಟ್ಟರು, ಮೂರು ತಿಂಗಳೊಳಗೆ ಇಎಫ್ 3ಕ್ಕೆ ಇಳಿಸಿದರು. ಕಾರಣ ಇಷ್ಟೇ, ಅದು ಹೋದದ್ದು ಹೆಚ್ಚಾಗಿ ಖಾಲಿ ಹೊಲಗಳ ಮೇಲೆ. ಮುರಿಯೋಕೆ ಗಟ್ಟಿ ಮನೆಯೇ ಸಿಗಲಿಲ್ಲ, ಹಾಗಾಗಿ ಕಾಗದದ ಮೇಲೆ ಇಎಫ್ 3. ವರ್ಷಗಟ್ಟಲೆ ಟಾರ್ನೆಡೊ ಹಿಂದೆ ಬಿದ್ದು ಅಧ್ಯಯನ ಮಾಡಿದ್ದ ಟಿಮ್ ಸಮಾರಸ್ ಅದರಲ್ಲೇ ಸತ್ತರು. ಇಎಫ್ ಪದ್ಧತಿಯ ದೊಡ್ಡ ಕೊರತೆ ಇದು ಅಂತ ನನಗೂ ಅನಿಸುತ್ತದೆ. ಬಯಲಲ್ಲಿ ಬಂದು ಏನನ್ನೂ ಮುಟ್ಟದೆ ಹೋದದ್ದಕ್ಕೆ ನಂಬರೇ ಇಲ್ಲ, 'ಗೊತ್ತಿಲ್ಲ' ಅನ್ನೋ ಅರ್ಥದ ಇಎಫ್‌ಯು ಅಂತ ಬರೆದು ಬಿಡುತ್ತಾರೆ.

ಕಳೆದ ವಾರದ ಗಾಳಿಗೆ ನಮ್ಮ ರೈಸ್ ಮಿಲ್ ಗೋದಾಮಿನ ಪತ್ರಾಸ್ ಪೂರ್ತಿ ಕಿತ್ತುಹೋಯಿತು. ಮೊದಲು ಕೆಂಪು ಧೂಳು, ಆಮೇಲೆ ಒಮ್ಮೆಲೇ ತಣ್ಣನೆ ಗಾಳಿ, ಸ್ವಲ್ಪ ಹೊತ್ತಿಗೆ ಆಲಿಕಲ್ಲು. ಪತ್ರಾಸ್ ಗಿರಗಿರ ಸುತ್ತುತ್ತಾ ಹೋದದ್ದನ್ನು ಹಮಾಲರೇ ನೋಡಿದ್ದಾರೆ. ಎಲ್ಲರೂ ಟಾರ್ನೆಡೊ ಅಂತಿದ್ದಾರೆ. ಫೋಟೊ ಕಳಿಸಿದ್ದೇನೆ, ಇದು ಎಷ್ಟನೇ ನಂಬರ್?
– ಮಿಲ್ ಮಾಲೀಕರು, ಕಾರಟಗಿ

ಯಜಮಾನರೇ, ನಷ್ಟ ದೊಡ್ಡದೇ. ಆದರೆ ನೀವು ಕಳಿಸಿದ ಫೋಟೊಗಳಲ್ಲಿ ಟಾರ್ನೆಡೊ ಕಾಣುತ್ತಿಲ್ಲ.

ಮೊದಲನೇ ಫೋಟೊ ನೋಡಿ. ಗೋದಾಮಿನ ತಗಡೆಲ್ಲ ಪೂರ್ವದ ಕಾಂಪೌಂಡ್ ದಾಟಿ ಭತ್ತದ ಗದ್ದೆಗೆ ಬಿದ್ದಿವೆ. ಪಶ್ಚಿಮಕ್ಕೆ ಒಂದೂ ಇಲ್ಲ. ಗೇಟಿನ ಬೇವಿನ ಮರದ ಕೊಂಬೆ ಮುರಿದದ್ದೂ ಪೂರ್ವಕ್ಕೇ. ಗದ್ದೆಯಲ್ಲಿ ಕೊಯ್ಲಿಗೆ ಬಂದ ಭತ್ತ ಮಲಗಿದೆಯಲ್ಲ, ಮಿಲ್ಲಿನ ಎದುರು ಅದರ ತೆನೆ ನೇರ ಪೂರ್ವಕ್ಕೆ, ಬಲಗಡೆ ಹೋದಂತೆ ಆಗ್ನೇಯಕ್ಕೆ, ಎಡಗಡೆ ಈಶಾನ್ಯಕ್ಕೆ ವಾಲಿದೆ. ಗಾಳಿ ಒಂದು ಕಡೆಯಿಂದ ಬಂದು ಹರಡಿಕೊಂಡು ಹೋಗಿದೆ ಅಂತ ಆ ಗದ್ದೆಯೇ ಬರೆದುಕೊಟ್ಟಿದೆ. ಟಾರ್ನೆಡೊ ಆಗಿದ್ದರೆ ಉಲ್ಟಾ ಆಗಬೇಕಿತ್ತು: ಉದ್ದನೆಯ ಕಿರಿದಾದ ಪಟ್ಟೆಯಲ್ಲಿ ಮಾತ್ರ ಹಾನಿ, ಪಟ್ಟೆಯ ಈ ಬದಿಯ ಮರ ಒಂದು ದಿಕ್ಕಿಗೆ, ಆ ಬದಿಯ ಮರ ಇನ್ನೊಂದು ದಿಕ್ಕಿಗೆ, ಹೆಚ್ಚಿನವು ನಡುವಿನ ಕಡೆಗೆ ತಲೆ ಹಾಕಿ ಬಿದ್ದಿರಬೇಕು. ಒಂದು ಮನೆ ಪೂರ್ತಿ ಹೋಗಿ ಪಕ್ಕದ ಮನೆಯ ಹಂಚೂ ಅಲ್ಲಾಡದೆ ಇರೋದು ಟಾರ್ನೆಡೊದಲ್ಲಿ ಉಂಟು. ಇಲ್ಲಿ ಊರಿನ ಒಂದು ಭಾಗಕ್ಕೇ ಒಂದೇ ಥರ ಏಟು ಬಿದ್ದಿದೆ.

ತಗಡು ಗಿರಗಿರ ಸುತ್ತಿತು ಅನ್ನೋದು ಸಾಕ್ಷಿ ಅಲ್ಲ. ಚಪ್ಪಟೆ ವಸ್ತು ಯಾವ ಗಾಳಿಯಲ್ಲಿ ಹಾರಿದರೂ ಸುತ್ತುತ್ತದೆ.

ನಿಮಗೆ ಹೊಡೆದದ್ದು ಡೌನ್‌ಬರ್ಸ್ಟ್ ಅನ್ನಿಸುತ್ತದೆ. ಬಿಸಿಲಿಗೆ ಎದ್ದ ಎತ್ತರದ ಮೋಡದೊಳಗೆ ಮಳೆ, ಆಲಿಕಲ್ಲು ಸೇರಿ ಗಾಳಿಯನ್ನು ತಣ್ಣಗೆ ಮಾಡುತ್ತವೆ. ಕೆಳಗಿನ ಒಣ ಗಾಳಿಯಲ್ಲಿ ಮಳೆಹನಿ ಆವಿಯಾಗಿ ಇನ್ನಷ್ಟು ತಣ್ಣಗಾಗುತ್ತದೆ. ತಣ್ಣನೆ ಗಾಳಿ ಭಾರ, ಹಾಗಾಗಿ ಧೊಪ್ಪನೆ ಕೆಳಗೆ ಇಳಿಯುತ್ತದೆ. ಅಂಗಳಕ್ಕೆ ಒಂದು ಬಕೆಟ್ ನೀರು ಸುರಿದರೆ ಹೇಗೆ ಸುತ್ತಲೂ ಚೆಲ್ಲುತ್ತದೋ ಹಾಗೆ ನೆಲಕ್ಕೆ ಬಡಿದು ಹರಡುತ್ತದೆ. ನೀವು ಹೇಳಿದ ಧೂಳು, ಆಮೇಲೆ ತಂಪು, ಆಮೇಲೆ ಆಲಿಕಲ್ಲು, ಆ ಸಾಲು ಇದಕ್ಕೆ ಸರಿಯಾಗಿ ಕೂರುತ್ತದೆ. ನಮ್ಮ ಕಡೆ ಬೇಸಿಗೆಯ ಕೊನೆಗೆ ಬರೋ ಗಾಳಿಮಳೆಯಲ್ಲಿ ಪತ್ರಾಸ್, ಕಂಬ, ಬಾಳೆತೋಟ ಕೆಡವೋದು ಬಹುಪಾಲು ಇದೇ.

ಇದನ್ನು ಕಂಡುಹಿಡಿದವರೂ ಅದೇ ಫ್ಯೂಜಿಟಾ! 1945ರಲ್ಲಿ ಅವರು ಜಪಾನಿನ ಕೊಕುರಾ ಊರಿನ ಹತ್ತಿರ ಮೇಷ್ಟ್ರಾಗಿದ್ದರು. ಎರಡನೇ ಅಣುಬಾಂಬು ಬೀಳಬೇಕಿದ್ದದ್ದು ಕೊಕುರಾ ಮೇಲೆ. ಅವತ್ತು ಕೆಳಗೆ ಏನೂ ಕಾಣಲಿಲ್ಲ ಅಂತ ವಿಮಾನ ನಾಗಸಾಕಿಗೆ ಹೋಯಿತು. ಕೆಲವು ವಾರಗಳ ಮೇಲೆ ಫ್ಯೂಜಿಟಾ ನಾಗಸಾಕಿಗೆ ಹೋಗಿ ಹಾನಿ ಪರೀಕ್ಷಿಸಿದರು. ಬಾಂಬು ಸಿಡಿದ ಜಾಗದ ನೇರ ಕೆಳಗೆ ಮರಗಳು ಸುಟ್ಟು ನಿಂತೇ ಇದ್ದವು, ಸುತ್ತಲಿನವು ಹೊರಗಡೆಗೆ ತಲೆ ಹಾಕಿ ಬಿದ್ದಿದ್ದವು. ವರ್ಷಗಳ ನಂತರ ಅಮೆರಿಕದ ಕಾಡುಗಳನ್ನು ವಿಮಾನದಿಂದ ನೋಡುವಾಗ ಅದೇ ನಮೂನೆ ಮತ್ತೆ ಕಣ್ಣಿಗೆ ಬಿತ್ತು. 1975ರಲ್ಲಿ ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ಒಂದು ವಿಮಾನ ಬಿದ್ದಾಗ, ಅದನ್ನು ಕೆಡವಿದ್ದು ಹೀಗೆ ಮೇಲಿನಿಂದ ಇಳಿದ ಗಾಳಿ ಅಂತ ಅವರು ವಾದಿಸಿದರು. ಮೊದಲು ಹಲವರು ನಂಬಲಿಲ್ಲ. ಇವತ್ತು ವಿಮಾನ ನಿಲ್ದಾಣಗಳಲ್ಲಿ ಈ ಗಾಳಿಯನ್ನು ಹಿಡಿಯೋಕೆ ಉಪಕರಣಗಳೇ ಇವೆ.

ಇನ್ನು ನಂಬರ್. ನಿಮ್ಮ ಮೂರನೇ ಫೋಟೊ, ಹತ್ತಿರದಿಂದ ತೆಗೆದದ್ದು, ನನಗೆ ಬಹಳ ಹಿಡಿಸಿತು. ಒಂದು ಕಡೆ ಜೆ-ಬೋಲ್ಟುಗಳು, ಅಂದರೆ ತುದಿ ಕೊಕ್ಕೆಯಂತೆ ಬಗ್ಗಿದ ಬೋಲ್ಟುಗಳು, ಅಡ್ಡ ಪೈಪಿಗೆ ಹಾಗೇ ನಿಂತಿವೆ, ತಗಡು ಮಾತ್ರ ಹೋಗಿದೆ, ಬಿದ್ದ ತಗಡಿನ ತೂತುಗಳು ಹರಿದು ಉದ್ದ ಆಗಿವೆ. ಅಂದರೆ ಅಲ್ಲಿ ವಾಷರ್ ಸಣ್ಣದು ಅಥವಾ ಇರಲೇ ಇಲ್ಲ. ಇನ್ನೊಂದು ತುದಿಯಲ್ಲಿ ಪೈಪೇ ತಗಡಿನ ಜೊತೆ ಎದ್ದಿದೆ. ವೆಲ್ಡಿಂಗ್ ಬಿಟ್ಟ ಜಾಗದಲ್ಲಿ ಹಳೇ ತುಕ್ಕು ಕಾಣುತ್ತದೆ, ಹೊಳಪಿನ ಲೋಹ ಎಲ್ಲೋ ಚೂರು. ಆ ಬೆಸುಗೆ ಗಾಳಿಗಿಂತ ಮುಂಚೆಯೇ ಮುಕ್ಕಾಲು ಹೋಗಿತ್ತು. ಇಂಥಾ ಚಾವಣಿ ಹಾರಿದೆ ಅಂತ ಗಾಳಿಗೆ ದೊಡ್ಡ ವೇಗ ಬರೆಯೋಕೆ ಬರಲ್ಲ. ಗಂಟೆಗೆ 100 ಕಿಲೋಮೀಟರ್ ಆಸುಪಾಸಿನ ಗಾಳಿಯೇ ಇಷ್ಟು ಮಾಡಬಲ್ಲದು.

ಮಧ್ಯಾಹ್ನ ಹೊಲದಾಗ ಏಳೋ ಸುಂಟರಗಾಳಿ ದೊಡ್ಡದಾಗಿ ಟಾರ್ನೆಡೊ ಆಗ್ತದೇನು? ನಮ್ಮ ಅವ್ವ ಅದರೊಳಗ ದೆವ್ವ ಐತಿ ಅಂತಾಳ.
– ರೈತ ಮಹಿಳೆ, ದೇವದುರ್ಗ

ಆಗಲ್ಲ ಅಕ್ಕಾ. ಎರಡರ ಹುಟ್ಟೇ ಬೇರೆ. ನಿಮ್ಮ ಹೊಲದ ಸುಳಿ ನೆಲದಿಂದ ಮೇಲಕ್ಕೆ ಏಳುತ್ತದೆ. ಉತ್ತು ಬಿಟ್ಟ ಎರೆ ಭೂಮಿ ಬಿಸಿಲಿಗೆ ಕಾದು, ಅದಕ್ಕೆ ತಾಗಿದ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಏರುವಾಗ ಅಕ್ಕಪಕ್ಕದ ಗಾಳಿ ನುಗ್ಗಿ ಸುತ್ತು ಹಾಕುತ್ತದೆ. ಮೇಲೆ ಮೋಡ ಬೇಕಿಲ್ಲ. ಖಾಲಿ ಆಕಾಶ, ರಣ ಬಿಸಿಲು ಇದ್ದಾಗಲೇ ಅದು ಏಳೋದು, ಕೆಲವು ನಿಮಿಷಕ್ಕೆ ಸುಸ್ತಾಗುತ್ತದೆ. ಟಾರ್ನೆಡೊಗೆ ಗುಡುಗಿನ ದೊಡ್ಡ ಮೋಡ ಬೇಕೇ ಬೇಕು, ಆ ಮೋಡಕ್ಕೂ ನೆಲಕ್ಕೂ ಅದು ಸೇರಿಕೊಂಡಿರುತ್ತದೆ. ಹಾಗಾಗಿ ತಲೆ ಎತ್ತಿ ನೋಡಿ. ಮೇಲೆ ಮೋಡ ಇಲ್ಲ ಅಂದರೆ ಟಾರ್ನೆಡೊ ಅಲ್ಲ. ಒಣಹಾಕಿದ ಮೆಣಸಿನಕಾಯಿಯ ಮೇಲೆ ತಾಡಪಾಲು ಎಳೆದು, ಕಣ್ಣಿಗೆ ಸೆರಗು ಅಡ್ಡ ಹಿಡಿದರೆ ಸಾಕು. ದೆವ್ವದ ವಿಚಾರದಲ್ಲಿ ಅವ್ವನ ಜೊತೆ ಜಗಳಕ್ಕೆ ಇಳಿಯಬೇಡಿ, ಸುಳಿಯಿಂದ ದೂರ ಇರು ಅಂತ ತಾನೇ ಅವರೂ ಹೇಳೋದು.

ಚಂಡಮಾರುತ ಮತ್ತು ಟಾರ್ನೆಡೊ, ಯಾವುದು ಜೋರು?
– ಕಾಲೇಜು ವಿದ್ಯಾರ್ಥಿ, ರಾಯಚೂರು

ಗಾಳಿಯ ವೇಗ ಮಾತ್ರ ನೋಡಿದರೆ ಟಾರ್ನೆಡೊ. ನಮ್ಮ ಹವಾಮಾನ ಇಲಾಖೆ ಲೆಕ್ಕದಲ್ಲಿ ಗಂಟೆಗೆ 62 ಕಿಲೋಮೀಟರ್ ಆದರೆ ಚಂಡಮಾರುತ, 221 ದಾಟಿದರೆ ಸೂಪರ್ ಸೈಕ್ಲೋನ್. 1999ರ ಮೇ 3ರಂದು ಒಕ್ಲಹೋಮಾದ ಟಾರ್ನೆಡೊದಲ್ಲಿ ರೇಡಾರ್ ಕಂಡದ್ದು 480 ಕಿಲೋಮೀಟರಿಗೂ ಜಾಸ್ತಿ. ಆದರೆ ಚಂಡಮಾರುತ ನೂರಾರು ಕಿಲೋಮೀಟರ್ ಅಗಲ, ದಿನಗಟ್ಟಲೆ ಇರುತ್ತದೆ, ಅದಕ್ಕೇ ಹೆಸರಿಡೋಕೂ ಪುರುಸೊತ್ತು ಸಿಗುತ್ತದೆ.

ನಮ್ಮ ದೇಶದಲ್ಲಿ ಟಾರ್ನೆಡೊ ಬರೋದೇ ಇಲ್ವಾ? ಬಂದರೆ ನಮ್ಮ ಮನೆಗಳಿಗೆ ಆ ಇಎಫ್ ಲೆಕ್ಕ ನಡೆಯುತ್ತಾ?
– ಸಿವಿಲ್ ಇಂಜಿನಿಯರ್, ಬಳ್ಳಾರಿ

ಬಂದಿವೆ. 1978ರ ಮಾರ್ಚ್ 17ರಂದು ದೆಹಲಿಯಲ್ಲೇ ಬಂದು 28 ಜನ ಸತ್ತರು. 2024ರ ಮಾರ್ಚ್ 31ರಂದು ಪಶ್ಚಿಮ ಬಂಗಾಳದ ಜಲಪಾಯ್‌ಗುರಿ, ಮೈನಾಗುರಿ ಕಡೆ ಹೊಡೆಯಿತು. ಪಕ್ಕದ ಬಾಂಗ್ಲಾದೇಶದಲ್ಲಿ 1989ರ ಏಪ್ರಿಲ್ 26ರದ್ದು ಎಲ್ಲಕ್ಕಿಂತ ಘೋರ, ಸತ್ತವರು ಸುಮಾರು 1,300 ಅಂತ ಅಂದಾಜು. ಬಂಗಾಳದ ಕಡೆ ಸಮುದ್ರದ ತೇವ, ಪಶ್ಚಿಮದ ಒಣ ಗಾಳಿ, ಎತ್ತರಕ್ಕೆ ಹೋದಂತೆ ದಿಕ್ಕು ವೇಗ ಎರಡೂ ಬದಲಾಗುವ ಗಾಳಿ ಎಲ್ಲ ಒಟ್ಟಿಗೆ ಸೇರುತ್ತವೆ. ಮೋಡವೇ ತಿರುಗೋಕೆ ಶುರು ಮಾಡೋದು ಆ ಬದಲಾವಣೆಯಿಂದ. ನಮ್ಮ ಬಯಲುಸೀಮೆಯಲ್ಲಿ ಬಿಸಿಲಿಗೇನೂ ಬರ ಇಲ್ಲ, ಆದರೆ ಆ ಮೇಲಿನ ಗಾಳಿಯ ಸೆಳೆತ ಬೇಸಿಗೆಯಲ್ಲಿ ಅಷ್ಟಾಗಿ ಇರಲ್ಲ.

ಲೆಕ್ಕದ ವಿಷಯಕ್ಕೆ ಬಂದರೆ, ಇಎಫ್ ಪಟ್ಟಿಯಲ್ಲಿರೋದೆಲ್ಲ ಅಮೆರಿಕದ ಕಟ್ಟಡಗಳು, ಅವರ ಮರದ ಚೌಕಟ್ಟಿನ ಮನೆ. ನಮ್ಮ ಕಲ್ಲಿನ ಗೋಡೆಯ ಮಣ್ಣಿನ ಮಾಳಿಗೆ, ಪತ್ರಾಸ್ ಶೆಡ್ಡು, ಹಂಪಾಪಟ್ಟಣದಂಥ ಹಳ್ಳಿಯ ಹಂಚಿನ ಮನೆ ಅದರಲ್ಲಿಲ್ಲ. ಮಾಳಿಗೆ ಮನೆ ಗಾಳಿಗೆ ಜಗ್ಗಲ್ಲ, ನಾಲ್ಕು ದಿನ ಹಿಡಿದ ಮಳೆಗೆ ಕುಸಿಯುತ್ತದೆ. ಅದನ್ನು ಯಾವ ಮೆಟ್ಟಿಲಲ್ಲಿ ಇಡ್ತೀರಿ? ಜಪಾನಿನವರು ತಮ್ಮ ಕಟ್ಟಡಗಳಿಗೆ ಹೊಂದಿಸಿ ತಮ್ಮದೇ ಅಳತೆ ಮಾಡಿಕೊಂಡರು, 2016ರಿಂದ ಅದೇ ನಡೆಯುತ್ತಿದೆ. ನಿಮ್ಮಂಥವರು ಒಂದೊಂದು ಗಾಳಿಮಳೆ ಆದಮೇಲೆ ಏನು ಮುರಿಯಿತು, ಹೇಗೆ ಕಟ್ಟಿದ್ದರು, ಯಾವ ದಿಕ್ಕಿಗೆ ಬಿತ್ತು ಅಂತ ಫೋಟೊ ಸಮೇತ ಬರೆದಿಟ್ಟರೆ ನಮಗೂ ಒಂದು ಪಟ್ಟಿ ಮಾಡಬಹುದು.

ಟಾರ್ನೆಡೊ ಬಂದಾಗ ಕಿಟಕಿ ತೆರೆದಿಟ್ಟರೆ ಒತ್ತಡ ಸಮ ಆಗಿ ಮನೆ ಉಳಿಯುತ್ತೆ ಅಂತ ಓದಿದ್ದೆ. ನಿಜವಾ?
– ಗೃಹಿಣಿ, ಸಿರುಗುಪ್ಪ

ಸುಳ್ಳು. ಗಾಳಿ ಬರುವ ಕಡೆಯ ಕಿಟಕಿ, ಬಾಗಿಲು ತೆರೆದರೆ ಗಾಳಿ ಒಳಗೆ ನುಗ್ಗಿ ಚಾವಣಿಯನ್ನು ಕೆಳಗಿನಿಂದ ಎತ್ತುತ್ತದೆ, ಮೇಲಿನಿಂದ ಅದು ಹೇಗೂ ಎಳೆಯುತ್ತಿರುತ್ತದೆ. ಪತ್ರಾಸ್ ಮನೆಗೆ ನಮ್ಮ ಮಾಮೂಲಿ ಗಾಳಿಮಳೆಯಲ್ಲೂ ಇದೇ ಮಾತು. ಬಾಗಿಲು ಭದ್ರ ಹಾಕಿ, ಹತ್ತಿರ ಆರ್‌ಸಿಸಿ ಮನೆ ಇದ್ದರೆ ಗಾಳಿ ಬರೋ ಮುಂಚೆ ಅಲ್ಲಿಗೆ ಹೋಗಿ, ಕಿಟಕಿ ಇಲ್ಲದ ಒಳಕೋಣೆಯಲ್ಲಿ ಕೂರಿ. ಬೇವಿನ ಮರದ ಕೆಳಗೆ ಮಾತ್ರ ನಿಲ್ಲಬೇಡಿ, ಕೊಂಬೆಯ ಜೊತೆಗೆ ಸಿಡಿಲಿನ ಭಯವೂ ಇದೆ.

ಮನೆಗೆ ಹೊಸದಾಗಿ ಪತ್ರಾಸ್ ಹಾಕಿಸ್ತಿದ್ದೀವಿ. ಮೇಲೆ ಎಷ್ಟು ಕಲ್ಲು ಹೇರಿದರೆ ಹಾರಲ್ಲ?
– ಆಟೊ ಚಾಲಕರು, ಕುರುಗೋಡು

ಕಲ್ಲು ಹೇರಬೇಡಿ ಅಣ್ಣಾ. ಲೆಕ್ಕ ನೋಡಿ. ನಮ್ಮ ಕಟ್ಟಡ ನಿಯಮದಲ್ಲಿ ಇರುವ ಸೂತ್ರ ಸರಳ: ಗಾಳಿಯ ವೇಗ ಸೆಕೆಂಡಿಗೆ ಎಷ್ಟು ಮೀಟರ್ ಅಂತ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, ಮತ್ತೆ 0.6ರಿಂದ ಗುಣಿಸಬೇಕು. ಬರೋದು ನ್ಯೂಟನ್ ಲೆಕ್ಕ, ಕೆಜಿ ಬೇಕೆಂದರೆ ಅದನ್ನು 9.8ರಿಂದ ಭಾಗಿಸಿ. ಗಂಟೆಗೆ 100 ಕಿಲೋಮೀಟರ್ ಗಾಳಿಗೆ ಒಂದು ಚದರ ಮೀಟರಿನ ಮೇಲೆ ಸುಮಾರು 47 ಕೆಜಿ ಭಾರದಷ್ಟು ಒತ್ತಡ ಬರುತ್ತದೆ. ಹತ್ತಡಿ ಉದ್ದ, ಮೂರೂವರೆ ಅಡಿ ಅಗಲದ ಒಂದು ತಗಡಿಗೆ ಹತ್ತಿರ ಹತ್ತಿರ 150 ಕೆಜಿ ಆಯಿತು. ಅಂಚಿನಲ್ಲಿ, ಮೂಲೆಯಲ್ಲಿ ಎಳೆತ ಇನ್ನೂ ಜಾಸ್ತಿ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಅಷ್ಟು ಕಲ್ಲು ಹೇರಿದರೆ ಗಾಳಿ ಇಲ್ಲದ ದಿನವೇ ತಗಡು ಬಗ್ಗುತ್ತದೆ, ಕಡಿಮೆ ಹೇರಿದರೆ ಗಾಳಿ ಬಂದ ದಿನ ಕಲ್ಲು ಮಲಗಿದ್ದವರ ಮೇಲೆ ಬೀಳುತ್ತದೆ.

ಆ ಕಲ್ಲು ಹೊರುವ ಕೂಲಿಯನ್ನು ಬೋಲ್ಟಿಗೆ ಹಾಕಿ. ಅಗಲ ವಾಷರ್ ಇರುವ ಜೆ-ಬೋಲ್ಟ್ ತೆಗೆದುಕೊಳ್ಳಿ. ನಡುವೆ ಬಿಟ್ಟು ಬಿಟ್ಟು ಹಾಕಿದರೂ ನಡೆದೀತು, ನಾಲ್ಕೂ ಅಂಚಿಗೆ ಮಾತ್ರ ಒತ್ತೊತ್ತಾಗಿ ಹಾಕಿಸಿ. ಅಡ್ಡ ಪೈಪು ಗೋಡೆಯ ಮೇಲೆ ಸುಮ್ನೆ ಕೂತಿರಬಾರದು, ಗೋಡೆಯೊಳಗೆ ಕಾಂಕ್ರೀಟ್ ಹಾಕಿ ಹೂತ ಕಬ್ಬಿಣದ ಪಟ್ಟಿಗೆ ಅದನ್ನು ವೆಲ್ಡ್ ಮಾಡಿಸಿ, ಬೆಸುಗೆಗೆ ಬಣ್ಣ ಹೊಡೆಸಿ. ಗೋಡೆಯಿಂದ ಹೊರಗೆ ಚಾಚಿದ ತಗಡು ಒಂದು ಅಡಿ ಮೀರದಂತೆ ನೋಡಿಕೊಳ್ಳಿ, ಗಾಳಿ ಮೊದಲು ಕೈ ಹಾಕೋದು ಅಲ್ಲಿಗೇ.